ರಕ್ತ ಕೊಡುತ್ತಿದ್ದ ಕಾಳ, ಕೊಡಿಸುತ್ತಿದ್ದ ಜವರಣ್ಣ

ಎದುರಿಗೆ ಸಿಕ್ಕ ಯಾವ ನಾಯಿಯನ್ನೂ ಜವರಣ್ಣ ಸುಮ್ಮನೆ ಬಿಡುತ್ತಿರಲಿಲ್ಲ. ಹಳೇಬೀಡಿನ ಬಸ್ ಸ್ಟ್ಯಾಂಡಾಗಲಿ, ಟೀ ಅಂಗಡಿಯಾಗಲಿ, ಕುಕ್ಕುರುಗಾಲಲ್ಲಿ ಕೂತು ಹೆಬ್ಬೆರಳಿಂದ ಅದರ ತುಟಿ ಎತ್ತಿ ಒಸಡು ನೋಡುವರು. ಕೆಂಪಗಿದ್ದರೆ "ಹೋಗಯ್ಯ, ಚೆನ್ನಾಗಿದ್ದೀಯ" ಎಂದು ಬೆನ್ನು ತಟ್ಟುವರು. ಬೆಳ್ಳಗಿದ್ದರೆ ಯಜಮಾನನನ್ನು ಹುಡುಕಿಕೊಂಡು ಹೋಗಿ ಬೈಯುವರು: "ಏನ್ಲಾ, ಉಣ್ಣೆಗಳು ರಕ್ತ ಕುಡಿದು ಗುಂಡಗಾಗವೆ, ನಾಯಿ ಸುಣ್ಣ ಆಗೈತೆ. ನಿಂಗೆ ಕಣ್ಣಿಲ್ವಾ?"

ಅವರು ಪಶು ಆಸ್ಪತ್ರೆಯ ಕಾಂಪೌಂಡರ್. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಗೆ ಹೊಸ ಡಾಕ್ಟರಾಗಿ ಹೋದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಅಪ್ಪನಿಗೆ ಸಹಿ ಹಾಕಲು ಬಾರದು. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ 'ಡಾ.' ಎಂದು ಬರೆಸಿದ ದಿನ ಮೂರು ಸಲ ಹೊರಗೆ ಹೋಗಿ ನೋಡಿ ಬಂದಿದ್ದೆ. ಜವರಣ್ಣ ನಗಲಿಲ್ಲ. "ಬಣ್ಣ ಒಣಗಲಿ ಸಾ, ಮುಟ್ಬೇಡಿ" ಅಂದರು.

ಕಾಳ ಅವರ ಮನೆಯ ನಾಯಿ. ಬಿಕ್ಕೋಡು ಕಡೆಯ ಎಸ್ಟೇಟಿನಿಂದ ಮರಿಯಾಗಿದ್ದಾಗ ತಂದದ್ದು, ಬೆಳೆದು ಕರುವಿನಷ್ಟಾಗಿತ್ತು. ನಾಯಿಗಳಿಗೆ ಬ್ಲಡ್ ಬ್ಯಾಂಕ್ ನಮ್ಮ ಕಡೆ ಎಲ್ಲಿಂದ ಬರಬೇಕು? ಮನುಷ್ಯರ ರಕ್ತ ಹಿಡಿಯುವ ಚೀಲವನ್ನೇ ಹಾಸನದಿಂದ ತರಿಸಿ, ಕಾಳನ ಕತ್ತಿನಿಂದ ರಕ್ತ ತೆಗೆದು, ಸಾಯುವಂತಿದ್ದ ನಾಯಿಗೆ ಏರಿಸುತ್ತಿದ್ದೆವು. ಜವರಣ್ಣ ಕಾಳನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಊರ ಸುದ್ದಿಯೆಲ್ಲ ಅದರ ಕಿವಿಗೆ ಹೇಳುವರು. ಮುಗಿದ ಮೇಲೆ ಮುದ್ದೆ, ಲಿವರ್. ರಕ್ತ ಪಡೆದ ನಾಯಿಗಳೆಲ್ಲ ಅವರ ಬಾಯಲ್ಲಿ "ನಮ್ ಕಾಳನ ನೆಂಟ್ರು."

ಹೊರದೇಶದಲ್ಲಿ ಹಸುವಿನ ರಕ್ತದಿಂದ ತೆಗೆದ ಒಂದು ದ್ರವವನ್ನು ರಕ್ತದ ಬದಲು ನಾಯಿಗೆ ಏರಿಸುತ್ತಾರಂತೆ ಎಂದು ಓದಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ ಕೇಳಿದರು: "ಆಮೇಲೆ ಅದು ಬೊಗಳ್ತದೋ, ಅಂಬಾ ಅಂತದೋ ಸಾ?"

ಜಾವಗಲ್ಲಿನ ನಿಂಗಮ್ಮನ ಕೆಂಚನೂ ಹೀಗೆ ನೆಂಟನಾದ ನಾಯಿ. ನಿಂಗಮ್ಮ ಕುರಿ ಸಾಕಿ ಬದುಕುವ ಒಂಟಿ ಹೆಂಗಸು. ತೋಳ ಬಂದರೆ ಅವಳಿಗೆ ಕೆಂಚನೇ ಗತಿ. ಕಾಳನ ರಕ್ತ ಏರಿಸಿದ ಎರಡನೇ ದಿನ ಅದು ಎದ್ದು ನಿಂತಿತ್ತು. ತಿಂಗಳಾದ ಮೇಲೆ ಮತ್ತೆ ಉಣ್ಣೆ ಜ್ವರ. ನಿಂಗಮ್ಮ ಕಂಬಳಿಯಲ್ಲಿ ಸುತ್ತಿ ಹೊತ್ತು ತಂದಳು.

ಆ ವಾರವೆಲ್ಲ ಊರೂರು ಅಲೆದು ದನಗಳಿಗೆ ಲಸಿಕೆ ಹಾಕಿ ನನಗೆ ಸಾಕಾಗಿ ಹೋಗಿತ್ತು. ಜವರಣ್ಣ ಮೆಲ್ಲಗೆ, "ಎರಡನೇ ಸಲ ಅಲ್ವಾ ಸಾ, ಎರಡರ ರಕ್ತಾನೂ ಗಾಜಿನ ಮೇಲೆ ಕಲಸಿ ನೋಡನ. ಗಂಟು ಕಟ್ಟಿದ್ರೆ ಹಳೇ ಡಾಕ್ಟ್ರು ಕೊಡ್ತಿರ್ಲಿಲ್ಲ" ಅಂದರು.

"ಹೋದ ಸಲ ಇದೇ ಕಾಳನ ರಕ್ತ ಒಪ್ಪಿತ್ತಲ್ರೀ. ಓದಿ ಬಂದವನು ನಾನೋ ನೀವೋ?"

ಒಪ್ಪಿದ್ದೇ ಅಪಾಯ. ಮೊದಲ ಸಲ ಸುಮ್ಮನಿದ್ದ ಮೈ ಅದೇ ರಕ್ತ ಎರಡನೇ ಸಲ ಬಂದಾಗ ತಿರುಗಿಬೀಳಬಹುದು. ನಾನು ಪರೀಕ್ಷೆಯಲ್ಲಿ ಬರೆದು ಪಾಸಾದ ವಿಷಯವೇ. ಹತ್ತು ನಿಮಿಷದಲ್ಲಿ ಕೆಂಚ ನಡುಗಿತು, ವಾಂತಿ ಮಾಡಿತು. ಸೂಜಿ ಕಿತ್ತೆ, ತಿಳಿದ ಔಷಧಿಯೆಲ್ಲ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಜೀವ ಹೋಯಿತು.

"ಹೋದ್ಸಲ ಬದುಕಿಸಿದ್ರಲ್ಲಪ್ಪ, ಈಗೇನಾಯ್ತು?" ನಿಂಗಮ್ಮ ಕೇಳಿದ್ದು ನನ್ನನ್ನೇ. ಜವರಣ್ಣ ಮುಂದೆ ಬಂದರು.

"ನನ್ ನಾಯಿ ರಕ್ತವೇ ಕೆಟ್ಟಿತ್ತು ಕಣವ್ವ. ಡಾಕ್ಟ್ರು ಏನ್ ಮಾಡ್ತಾರೆ?"

ಆ ಮಾತು ಸಂತೆಯಿಂದ ಸಂತೆಗೆ ಹೋಯಿತು. ಕಾಳನ ರಕ್ತ ವಿಷವೆಂದರು. ಏರಿಸುತ್ತೇವೆ ಅಂದರೆ ಜನ ನಾಯಿ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಬದುಕಬಹುದಾಗಿದ್ದ ನಾಯಿಗಳೂ ಸತ್ತವು. ಜವರಣ್ಣ ಆ ಬಗ್ಗೆ ನನ್ನ ಹತ್ತಿರ ತುಟಿ ಬಿಚ್ಚಲಿಲ್ಲ. ನಿಜ ಹೇಳಲು ನನಗೂ ಆಗಲಿಲ್ಲ.

ಅರಸೀಕೆರೆಗೆ ವರ್ಗವಾದ ಎಷ್ಟೋ ವರ್ಷಗಳ ಮೇಲೆ ಹಳೇಬೀಡಿಗೆ ಹೋಗಿ ಅವರನ್ನು ಕಂಡೆ. ನಿವೃತ್ತರಾಗಿದ್ದರು. ಕಾಳ ಮುದಿಯಾಗಿ ಸತ್ತಿತ್ತು. ಬಸ್ಸಿನವರೆಗೆ ಬಿಡಲು ಬಂದಾಗ ಕಡೆಗೂ ಹೇಳಿದೆ: "ಅವತ್ತಿನ ತಪ್ಪು ನಂದು, ಜವರಣ್ಣ."

"ಅದು ನಂಗೊತ್ತಲ್ಲ ಸಾ. ನಂಗ್ಯಾಕೆ ಹೇಳ್ತೀರಿ? ನಿಂಗಮ್ಮ ಇನ್ನೂ ಜಾವಗಲ್ಲಲ್ಲೇ ಅವ್ಳೆ. ನಿಮ್ ಬಸ್ಸು ಅಲ್ಲಿ ನಿಲ್ತದೆ."

ಅದೇ ನಮ್ಮ ಕೊನೆಯ ಮಾತು. ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರು.

ಆ ದಿನ ಬಸ್ಸು ಜಾವಗಲ್ಲಿನಲ್ಲಿ ಬಹಳ ಹೊತ್ತು ನಿಂತಿತು. ಕಂಡಕ್ಟರ್ ಟೀ ಕುಡಿದು ಬಂದು, "ಇಳಿಯೋರು ಯಾರಾದ್ರೂ ಇದ್ದೀರೇನ್ರೀ?" ಎಂದು ಎರಡು ಸಲ ಕೂಗಿದ. ನಾನು ಅರಸೀಕೆರೆಯವರೆಗೆ ಟಿಕೆಟ್ ತೆಗೆದುಕೊಂಡಿದ್ದೆ.