ಸಾವಿನ ಹಾಡು ಕಲ್ತಿದ್ದು

ನಾನು ಈಗ ಹೇಳೋದ್ನ ನೀವು ನಂಬಲ್ಲ. ನಮ್ಮ ಎದುರು ಮನೆ ಅಕ್ಕ ಕಣ್ಣಾರೆ ನೋಡಿದ್ಲು, ಅವಳೇ ನಂಬ್ಲಿಲ್ಲ. ಇನ್ನು ನೀವೆಲ್ಲಿ ನಂಬೀರಿ. ಆದ್ರೂ ಹೇಳ್ಬುಡ್ತೀನಿ: ಈ ಗುಂಡ್ಲುಪೇಟೇಲಿ ನನ್ನಂಗೆ ಅಳೋರು ಇನ್ನೊಬ್ರಿಲ್ಲ.

ಸುಮ್ನೆ ಗೊಳೋ ಅನ್ನೋದಲ್ಲ ಕಣ್ರೀ. ಅದ್ನ ಎಮ್ಮೆ ಕರೂನೂ ಮಾಡ್ತದೆ. ನಾನು ಹೇಳ್ತಿರೋದು ಹಾಡ್ಕಂಡು ಅಳೋದು. ಸಾವಿನ ಮನೇಲಿ ಹೆಣದ ಮುಂದೆ ಕುಂತ್ಕಂಡು, ಸತ್ತೋರು ಬದುಕಿದ್ದಾಗ ಏನೇನು ಮಾಡುದ್ರು ಅಂತ ಅಲ್ಲಲ್ಲೇ ಪದ ಕಟ್ಟಿ, ರಾಗ ಎಳ್ದು ಅಳೋದು. ನಮ್ಮಜ್ಜಿ ಹಾಡುದ್ರೆ ಹಂಗಳದಿಂದ ಬೇಗೂರುಗಂಟ ಕೆರೆ ಕೋಡಿ ಬೀಳ್ತಿತ್ತು. ಚಾಮರಾಜನಗರದೋರು ಗಾಡಿ ಕಟ್ಕಂಡು ಬಂದು ಕರ್ಕಂಡೋಗೋರು. ನಮ್ಮಲ್ಲಿ ಹೆಣಾನ ಗೋಡೆಗೆ ಒರಗ್ಸಿ ಕುಂಡ್ರುಸ್ತಾರಲ್ಲ, ಅದೂ ಕಾಯ್ತಾ ಕುಂತಿರೋದು, ಅಜ್ಜಿ ಬಾಯಲ್ಲಿರೋ ಎಲೆ ಅಡಿಕೆ ಉಗ್ದು ಬರೋಗಂಟ.

ನಂಗೂ ಈ ವಿದ್ಯೆ ಅದೆ ಅಂತ ಗೊತ್ತಾಗಿದ್ದು ನಮ್ಮವ್ವ ಸತ್ತಾಗ. ಆಗ ನಾನು ಲಂಗದ ಲಾಡಿ ಕಟ್ಕಳಕ್ಕೂ ಬರ್ದಿದ್ದ ಕೂಸು. ಅಜ್ಜಿ ತನ್ನ ಸೊಸೆ ಹೆಣದ ಮುಂದೆ ಕುಂತು ಹಾಡ್ತಾ ಇದ್ರೆ, ನಾನು ಹಿಂದ್ಗಡೆಯಿಂದ ಅವಳ ರಾಗ ಹಿಡ್ಕಂಡು ಎಳ್ದುಬುಟ್ಟೆ: "ಒಂದು ಜಡೆ ಹೆಣ್ದು, ಇನ್ನೊಂದು ಹಂಗೇ ಬುಟ್ಟು ಹೋದ್ಯಲ್ಲವ್ವಾ..." ನಿಜವಾಗ್ಲೂ ಅವತ್ತು ನನ್ನ ತಲೇಲಿ ಒಂದೇ ಜಡೆ ಇತ್ತು.

ಅಜ್ಜಿ ಅಳೋದ್ನೇ ನಿಲ್ಸಿ ತಿರುಗ್ದಳು. "ಯಾರಮ್ಮಿ ಹೇಳ್ಕೊಟ್ರು?"

"ಯಾರೂ ಇಲ್ಲ."

"ಹಂಗಾರೆ ಶಿವ ಕೊಟ್ಟವ್ನೆ ಬುಡು," ಅಂದು ಮತ್ತೆ ಅಳಕ್ಕೆ ಶುರು ಮಾಡುದ್ಲು.

ಮೂಲೇಲಿ ಕುಂತಿದ್ದ ನಮ್ಮಪ್ಪ ಎದ್ದು ಆಚೆ ಹೋಗ್ಬುಟ್ಟ. ಅವತ್ತಿಂದ ಅವ್ನಿಗೆ ಈ ಹಾಡು ಕಂಡ್ರೆ ಆಗಲ್ಲ. ಸಾವಿಲ್ಲದ ಮನೇಲಿ ಸಾವಿನ ಹಾಡು ಹಾಡುದ್ರೆ ಸಾವು ದಾರಿ ಕೇಳ್ಕಂಡು ಬತ್ತದೆ ಅಂತಾನೆ. ನಮ್ಮ ಕಡೆ ಎಲ್ಲಾರೂ ಅನ್ನೋ ಮಾತೇ ಅದು. ನಾನು ಬಾಯಿ ತೆಗುದ್ರೆ ಸಾಕು, ಬಾರುಕೋಲು ಎತ್ಕಳೋನು.

ಈ ಸಲ ಸುಗ್ಗೀಲಿ ಅಜ್ಜಿ ಮಲಗ್ಬುಟ್ಲು. ಕಾಲು ಊದ್ಕಂಡು ಒನಕೆ ಥರ ಆಗೋಯ್ತು. ಬೆರ್ಳಲ್ಲಿ ಒತ್ತುದ್ರೆ ಗುಳಿ ಬಿದ್ದಿದ್ದು ಹಂಗೇ ಇರೋದು. ಒಂದಿನ ನನ್ನ ಹತ್ರ ಕರ್ದು, "ಊರಿಗೆಲ್ಲ ಹಾಡ್ದೆ. ನಂಗ್ಯಾರು ಹಾಡೋರು?" ಅಂದ್ಲು.

"ನಾನಿಲ್ವಾ?"

"ನೀನಾ? ನೀ ಏನ್ ಒದರ್ತೀಯೋ ಕೇಳಕ್ಕೆ ಆಗ ನಾನಿರ್ತೀನಾ? ಈಗ್ಲೇ ಹಾಡು. ನೆಟ್ಟಗಿದ್ರೆ ಸರಿ ಅಂತೀನಿ. ನಾನು ಸರಿ ಅನ್ದೇ ಇದ್ರೆ ನನ್ನ ಹೆಣದ ಮುಂದೆ ಬಾಯಿ ತೆಗೀಬ್ಯಾಡ. ಮಾನ ಕಳೀಬ್ಯಾಡ."

ಆ ಒಂದು 'ಸರಿ'ಗೆ ನಾನು ನಾಯಿ ಹಂಗೆ ಕಾದೆ. ಅಪ್ಪ ಅರಿಶಿನದ ಗಾಡಿ ಹೊಡ್ಕಂಡು ಚಾಮರಾಜನಗರಕ್ಕೆ ಹೋದಾಗೆಲ್ಲ ನಮ್ಮ ಪಾಠ. ಅಜ್ಜಿ ಪಕ್ಕದಲ್ಲಿ ಹಿತ್ತಾಳೆ ಲೋಟ ಮಡ್ಗಿರೋಳು. ನಾನು ಹಾಡ್ತಾ ಸುಳ್ಳು ಹೇಳುದ್ರೆ ಉಗುರಲ್ಲಿ ಟಕ್ ಅನ್ಸೋಳು.

"ಚಿನ್ನದ ತೊಟ್ಲಲ್ಲಿ ತೂಗ್ದೋಳೇ..."

ಟಕ್. "ಯಾವ ಚಿನ್ನ? ಹರ್ಕಲು ಸೀರೇಲಿ ಜೋಳಿಗೆ ಕಟ್ಟಿದ್ದೆ."

"ಹಾಲುಬಾನ ಉಣ್ಸಿ ಸಾಕ್ದೋಳೇ..."

ಟಕ್. "ರಾಗಿ ಗಂಜಿ. ಅದೂ ತೆಳ್ಳಗೆ."

"ಅಜ್ಜೀ, ನಾಕು ಜನ ಕೇಳೋವಾಗ ಚೆಂದಾಗಿರ್ಬೇಕಲ್ವಾ?"

"ಸುಳ್ಳಿಗೆ ಯಾರೂ ಅಳಲ್ಲ ಕಣಮ್ಮಿ. ಶಿವ ಗಂಟ್ಲು ಕೊಟ್ಟವ್ನೆ, ಸರಿ. ಕಣ್ಣು ನೀನೇ ಬುಡ್ಬೇಕು. ಸತ್ತೋರ ಕೈ ಏನ್ ಮಾಡ್ತಿತ್ತು ನೋಡಿ ಹಾಡು."

ಮೊದಲ್ನೇ ಸಲ ನನ್ನ ಹಾಡು ಬೀದಿಗೆ ಕೇಳ್ತು ನೋಡಿ, ಎದುರು ಮನೆ ಅಕ್ಕ ಒಲೆಗೆ ನೀರು ಹುಯ್ದು, ಮಡ್ಲಲ್ಲಿ ಚೆಂಡು ಹೂ ತುಂಬ್ಕಂಡು, "ಅಯ್ಯೋ ನಮ್ಮಜ್ಜೀ" ಅಂತ ಎದೆ ಬಡ್ಕಂಡು ಓಡ್ಬಂದ್ಲು. ಅಜ್ಜಿ ತಲೆ ಎತ್ತಿ, "ಯಾರಮ್ಮಿ ಸತ್ತಿರೋದು?" ಅಂದ್ಲು. ಅಕ್ಕ ಹೊಸ್ತಿಲ ಮೇಲೆ ಕುಸ್ದು ಬಿದ್ಲು. ಹೂವೆಲ್ಲ ಎಮ್ಮೆ ತಿಂದ್ಬುಡ್ತು.

"ನಿನ್ನ ಬಾಯಿಗೆ ಮಣ್ಣು ಹಾಕ!" ಅಂತ ಅಕ್ಕ ನಂಗೆ ಬಯ್ದುದ್ದೇ ಬಯ್ದುದ್ದು. "ನಿಮ್ಮಪ್ಪ ಬರ್ಲಿ, ಹೇಳ್ತೀನಿ ತಾಳು."

"ಹೇಳಿದ್ರೆ ನೀ ಸತ್ತಾಗ ಈ ಕೂಸು ಹಾಡಲ್ಲ," ಅಂದ್ಲು ಅಜ್ಜಿ. "ಇನ್ಮೇಲೆ ಕೇಳುದ್ರೂ ಬರ್ಬ್ಯಾಡಿ. ಕಲೀತಾ ಅವ್ಳೆ ಅಂತ ಬೀದಿಗೆಲ್ಲ ಹೇಳ್ಬುಡು."

ಅಕ್ಕ ಹೇಳುದ್ಲು. ಆಮೇಲೆ ನಾನು ಹೆಂಚು ಹಾರೋಗಂಗೆ ಕಿರುಚುದ್ರೂ ಒಂದು ಕೋಳಿ ಇತ್ತಕಡೆ ತಿರುಗ್ತಿರ್ಲಿಲ್ಲ.

ಹಿಂಗೇ ಅವರೆ ಕಾಲ ಮುಗೀತಾ ಬಂತು. ಅಜ್ಜಿ ಗಂಜಿ ಕುಡಿಯೋದ್ನೂ ಬುಟ್ಲು. ಉಸ್ರು ಎಳ್ಕಂಡಾಗ ಎದೇಲಿ ತಿದಿ ಊದ್ದಂಗೆ ಕೇಳೋದು. ಮಾತು ನಿಂತೋಯ್ತು, ಟಕ್ ಮಾತ್ರ ನಿಲ್ಲಲಿಲ್ಲ. ಅಪ್ಪ, "ಬೆಲ್ಲಾನಾರಾ ಚೀಪ್ತಾಳೇನೋ, ಒಳ್ಳೆ ಅಚ್ಚು ತತ್ತೀನಿ," ಅಂತ ಗಾಡಿ ಕಟ್ದ.

ಅಪ್ಪ ಬರೋ ದಿನ ಮಧ್ಯಾಹ್ನ ನಾನು ಕಣ್ಣು ಮುಚ್ಕಂಡು ಕುಂತೆ. ಚಿನ್ನ ಬೇಡ, ಹಾಲು ಬೇಡ ಅಂದ್ಕಂಡೆ. ಅಜ್ಜಿ ಕೈ ಮಾತ್ರ ನೆನುಸ್ಕಂಡೆ.

"ಅವರೆಕಾಳು ಹಿತುಕೋರ್ಯಾರಜ್ಜೀ,
ಹಿತುಕಿ ಸಿಪ್ಪೆ ನನ್ನ ಮೊಕಕ್ಕೆ ಹಾರ್ಸೋರ್ಯಾರು?
ಇನ್ನೊಂದು ಜಡೆ ನೀನೇ ಹೆಣುದ್ಯಲ್ಲಜ್ಜೀ,
ಸಿಕ್ಕು ಬಿಡ್ಸಿ ತಲೆಗೆ ಮೊಟಕೋರ್ಯಾರು?"

ಕಾದೆ. ಟಕ್ ಇಲ್ಲ.

ಬಾಯಲ್ಲಿ ಅನ್ನಕ್ಕಾಗ್ದಿದ್ರೂ ಇದೇ ಅಜ್ಜಿ 'ಸರಿ' ಅಂದ್ಕಂಡೆ. ಇನ್ನೂ ಎರಡು ಸಾಲು ಕಟ್ದೆ. ಟಕ್ ಇಲ್ಲ. ನೋಡುದ್ರಾ ಅಂತ ನಂಗೆ ನಾನೇ ಬೀಗ್ದೆ. ಕಣ್ಣು ಬುಟ್ರೆ ಪದ ಹಾರೋಯ್ತದೆ ಅಂತ ಮುಚ್ಕಂಡೇ ಇದ್ದೆ. ಒಂದಾದ್ಮೇಲೊಂದು ಬತ್ತಾನೇ ಇತ್ತು, ಮಗ್ಗದಲ್ಲಿ ಬಟ್ಟೆ ಬಂದಂಗೆ. ನನ್ನ ಗಂಟ್ಲು ನಂಗೇ ಬೇರೆ ಯಾರದ್ದೋ ಅನ್ಸೋದು. ಎದುರು ಮನೆ ಅಕ್ಕ ಆಚೆಯಿಂದ, "ಇವತ್ತೊಸಿ ಚೆನ್ನಾಗದೆ ಕಣಮ್ಮಿ!" ಅಂತ ಕೂಗುದ್ಲು. ನಾನು ಇನ್ನೂ ಎಳ್ದೆ.

ಬಾಗ್ಲಲ್ಲಿ ಗಾಡಿ ನಿಂತಿದ್ದು ನಂಗೆ ಕೇಳ್ಲಿಲ್ಲ.

"ನಿಲ್ಸು!"

ಕಣ್ಣು ಬುಟ್ಟೆ. ಅಪ್ಪ ಹೊಸ್ತಿಲಲ್ಲಿ ನಿಂತಿದ್ದ, ಒಂದು ಕೈಲಿ ಬಾರುಕೋಲು, ಒಂದು ಕೈಲಿ ಬೆಲ್ಲದ ಪೊಟ್ಣ. ಹೊಡೀತಾನೆ ಅಂತ ನಾನು ಹೆದರ್ಕಂಡು, ಆದ್ರೂ ಹೇಳ್ದೇ ಇರಕ್ಕಾಗ್ದೆ, "ಅಪ್ಪಾ, ಇವತ್ತು ಅಜ್ಜಿ ಒಂದ್ಸಲಾನೂ ತಟ್ಲಿಲ್ಲ ಕಣಪ್ಪಾ," ಅಂದೆ.

ಅವ್ನು ನನ್ನ ನೋಡ್ತಾ ಇರ್ಲಿಲ್ಲ. ಬಾರುಕೋಲು ಕೆಳಗೆ ಬುಟ್ಟು, ಮಂಡಿ ಊರಿ, ಲೋಟದ ಪಕ್ಕ ಬಿದ್ದಿದ್ದ ಅಜ್ಜಿ ಕೈಯ ಎತ್ಕಂಡ.

"ಯಾವಾಗಿಂದ ಹಾಡ್ತಾ ಇದ್ದೀಯೆ?" ಅಂದ.