ಡಾಕ್ಟ್ರಮ್ಮನ ಗಾಡಿಯ ಸೀಟಿ

ಮೊನ್ನೆ ಶೆಡ್ಡಿನ ಅಟ್ಟ ಹಸನು ಮಾಡುವಾಗ ಒಂದು ಪ್ಲಾಸ್ಟಿಕ್ ಬಾಟಲಿ ಉರುಳಿ ಬಂತು. ಮುಚ್ಚಳ ಕಳಚಿ, ಒಳಗಿದ್ದ ಕೆಂಪು ಎಣ್ಣೆಯೆಲ್ಲ ನನ್ನ ಒಗೆದ ಅಂಗಿಯ ಮೇಲೆ! ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು, ಏಕೆಂದರೆ ಅಷ್ಟರಲ್ಲಿ ಅದರ ವಾಸನೆ ಮೂಗಿಗೆ ಹತ್ತಿತ್ತು. ಸೀಮೆಎಣ್ಣೆಯ ಹಾಗೆ, ಆದರೆ ಸ್ವಲ್ಪ ಸಿಹಿಯಾಗಿ... ಗಾಡಿಗೆ ಹೋಗುವ ಗಾಳಿಯನ್ನು ಸೋಸುವ ಫಿಲ್ಟರಿಗೆ ಸವರುವ ಎಣ್ಣೆ ಅದು. ನಮ್ಮ ಕಡೆ ಅದನ್ನು ಕೇಳುವ ಗಿರಾಕಿಯೇ ಇಲ್ಲ. ನನ್ನ ಗ್ಯಾರೇಜಿಗೆ ಅದು ಬಂದದ್ದು ಒಬ್ಬರ ಸಲುವಾಗಿ ಮಾತ್ರ, ಡಾಕ್ಟ್ರಮ್ಮನ ಸಲುವಾಗಿ.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ, ಬಾತಿ ದಾಟಿದ ಮೇಲೆ ನನ್ನ ಗ್ಯಾರೇಜು. ಮುಂದೆ ಶೆಡ್ಡು, ಹಿಂದೆ ಮನೆ; ಮನೆಯಲ್ಲಿ ನಾನು ಮತ್ತು ಅವ್ವ. ಬರುವುದೆಲ್ಲ ಬಾಡಿಗೆ ಕಾರು, ಗೂಡ್ಸ್ ಆಟೊ, ಅಪರೂಪಕ್ಕೆ ಯಾರದೋ ಹೊಸ ಜೀಪು. ನನ್ನ ಕೆಲಸ ಚಲೋ, ಬಾಯಿ ಮಾತ್ರ ಕೆಟ್ಟದ್ದು ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲವಲ್ಲ.

ಆ ಶೆಡ್ಡಿಗೆ ಒಂದು ದಿನ ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳಗಿನ, ಕಡುನೀಲಿ ಬಣ್ಣದ ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಎರಡೇ ಸೀಟು. ಇಳಿದದ್ದು ಅರವತ್ತು ದಾಟಿದ ಹೆಂಗಸು. ಬಿಳಿ ಕೂದಲು, ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ದಾವಣಗೆರೆಯ ಆಸ್ಪತ್ರೆಗಳಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗೆ ಮತ್ತು ಬರಿಸುವ ಡಾಕ್ಟರಾಗಿದ್ದರು. ಮದುವೆಯಾಗಿರಲಿಲ್ಲ. ದುಡಿದ ದುಡ್ಡಿನಲ್ಲಿ ತನಗಿಷ್ಟವಾದ ಗಾಡಿ ತೆಗೆದುಕೊಂಡಿದ್ದರು, ಅಷ್ಟೇ. ಜನ ಮಾತ್ರ ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ, ಯಾಕೆ ಸುಳ್ಳು ಹೇಳಲಿ.

ಆ ಕಾರಿನಲ್ಲಿ ಸೂಪರ್‌ಚಾರ್ಜರ್ ಇತ್ತು. ಎಂಜಿನ್ ಜೊತೆಗೇ ತಿರುಗುತ್ತ, ಅದರೊಳಕ್ಕೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಯಂತ್ರ. ಅದು ರಭಸವಾಗಿ ತಿರುಗುವಾಗ ಸಣ್ಣಗೆ, ಮೇಲಿನ ಸ್ವರದಲ್ಲಿ ಸೀಟಿ ಹೊಡೆಯುತ್ತದೆ.

“ಇದು ಮೊದ್ಲು ಸೀಟಿ ಹೊಡೀತಿತ್ತಪ್ಪ. ಈಗ ನಿಂತೋಗೈತೆ. ಯಾಕ ಅಂತ ನೋಡು,” ಎಂದರು.

ನಾನು ಒಂದು ಸುತ್ತು ಓಡಿಸಿಕೊಂಡು ಬಂದೆ. ಸೀಟಿ ಸೊಗಸಾಗಿಯೇ ಇತ್ತು. “ಹೊಡೀತೈತಲ್ರೀ ಅಮ್ಮಾರೆ! ಚಲೋನೇ ಹೊಡೀತೈತೆ,” ಎಂದೆ. ಇನ್ನೂ ಒಂದು ಮಾತು ಸೇರಿಸುವವನಿದ್ದೆ, ಅವರ ಮುಖ ನೋಡಿ ನುಂಗಿಕೊಂಡೆ. ಕೆಟ್ಟಿರುವುದು ಗಾಡಿಯಲ್ಲ, ತಮ್ಮ ಕಿವಿ ಎಂಬ ಅನುಮಾನ ಅವರಿಗೆ ಮೊದಲೇ ಇತ್ತು, ಈಗ ಖಾತ್ರಿಯಾಯಿತು. ಕಿವಿಯ ನರ ಸಾಯುವಾಗ ಮೊದಲು ಹೋಗುವುದು ಇಂಥ ಸಣ್ಣ ಸದ್ದುಗಳೇ ಅಂತೆ. ಅದಕ್ಕೂ ಮುಂಚೆ ಆಪರೇಷನ್ ಕೋಣೆಯಲ್ಲಿ ಒಂದು ದಿನ ಯಂತ್ರದ ಅಲಾರಂ ಹೊಡೆದದ್ದು ಕೇಳದೆ, ನರ್ಸ್ ಬಂದು ಕೈ ಮುಟ್ಟಿ ಹೇಳಬೇಕಾಯಿತಂತೆ. ರೋಗಿಗೆ ಏನೂ ಆಗಲಿಲ್ಲ. ಆದರೆ ಮಾರನೆಯ ದಿನದಿಂದ ಅವರು ಕೆಲಸಕ್ಕೆ ಹೋಗಲಿಲ್ಲ.

ಕಿವಿಗೆ ಮಿಷನ್ ಹಾಕಿಕೊಳ್ಳಬಾರದೇ ಎಂದು ಕೇಳಿದೆ. ಬ್ಯಾಗಿನಿಂದ ತೆಗೆದು ತೋರಿಸಿದರು. “ಐತೆ. ಮಾತು ಕೇಳಸ್ತೈತೆ. ಗಾಡಿ ಸದ್ದು ಬಂದ್ರೆ ಗಲಾಟೆ ಅಂತ ತಿಳ್ಕಂಡು ಅಳಿಸಿಬಿಡ್ತೈತೆ, ದರಿದ್ರದ್ದು!”

ಕೆಲವು ವಾರ ಬಿಟ್ಟು ಮತ್ತೆ ಬಂದರು. ಪಕ್ಕದ ಸೀಟಿನಲ್ಲಿ ದೊಡ್ಡದೊಂದು ಡಬ್ಬ. ಅದರಲ್ಲಿ ಅಗಲವಾದ ಕೊಳವೆ, ಶಂಕುವಿನ ಆಕಾರದ ಫಿಲ್ಟರು, ಕೆಂಪು ಎಣ್ಣೆಯ ಆ ಬಾಟಲಿ. ಗಾಡಿ ಮಾಡಿದ ಕಂಪನಿಯವರು ಕೂಡಿಸಿರುವ ಗಾಳಿಡಬ್ಬಿ ಸದ್ದನ್ನು ನುಂಗಿಕೊಳ್ಳುತ್ತದೆ. ಅದನ್ನು ಕಿತ್ತು ಈ ಹೊರಗಿನ ಸಾಮಾನು ಹಾಕಿದರೆ ಸೂಪರ್‌ಚಾರ್ಜರಿನ ಸೀಟಿ ನಾಲ್ಕು ಪಟ್ಟು ಜೋರಾಗುತ್ತದೆ. ಎಲ್ಲ ಓದಿಕೊಂಡೇ ತರಿಸಿದ್ದರು.

ನಾನು ಆಗಲ್ಲ ಎಂದೆ. ನಮ್ಮ ರಸ್ತೆಯ ಧೂಳಿಗೆ ಇಂಥ ಫಿಲ್ಟರು ತಡೆಯುವುದಿಲ್ಲ, ನಾಳೆ ಏನಾದರೂ ಆದರೆ ನನ್ನ ತಲೆಗೆ ಕಟ್ಟುತ್ತೀರಿ ಎಂದೆಲ್ಲ ಕೂಗಾಡಿದೆ. ಅವರು ಮಾತು ಮುಗಿಯುವವರೆಗೆ ನನ್ನ ತುಟಿಯನ್ನೇ ನೋಡುತ್ತಿದ್ದರು.

“ಕಿವಿ ಪೂರ್ತಿ ಮುಚ್ಚಿಹೋಗೋದ್ರೊಳಗೆ ಇನ್ನೊಂದ್ಸಲ ಕೇಳ್ಬೇಕು ನಂಗೆ. ನೀನು ಮಾಡ್ತೀಯೋ, ಬೇರೆಯೋರ ಹತ್ರ ಹೋಗ್ಲೋ?”

ಬೇರೆಯವರ ಕೈಗೆ ಆ ಗಾಡಿಯನ್ನು ಕೊಡಲು ನನಗೆ ಮನಸ್ಸಾಗಲಿಲ್ಲ.

ಒಂದು ಬೆಳಿಗ್ಗೆ ಕೆಲಸಕ್ಕೆ ಕೂತೆ. ಕಂಪನಿಯ ಡಬ್ಬಿಯನ್ನು ಬಿಚ್ಚಿ ತೆಗೆದೆ. ಗಾಳಿ ಒಳಹೋಗುವ ಬಾಯಿ ಈಗ ಹಾಳುಬಾವಿಯ ಹಾಗೆ ತೆರೆದುಕೊಂಡಿತು. ಆ ಬಾಯಿಯೊಳಗೆ ಒಂದು ತಗಡಿನ ಬಾಗಿಲು, ಅದರಾಚೆ ಸೂಪರ್‌ಚಾರ್ಜರಿನ ಜೋಡಿ ತಿರುಗಣೆ. ಆ ಎರಡು ತಿರುಗಣೆಗಳ ನಡುವೆ ಕೂದಲೆಳೆಯಷ್ಟು ಸಂದು. ಒಂದು ಕಲ್ಲುಹರಳು ಬಿದ್ದು ಎಂಜಿನ್ ತಿರುಗಿತೋ, ಕಥೆ ಮುಗಿಯಿತು. ಅದಕ್ಕೇ ಒಗೆದ ಬಟ್ಟೆಯನ್ನು ಸುತ್ತಿ ಬಾಯಿಗೆ ಬಿಗಿಯಾಗಿ ತುರುಕಿದೆ. ಹೊಸ ಕೊಳವೆಯ ಪಟ್ಟಿ ಒಂದು ಕಡೆ ಕೂಡುತ್ತಿರಲಿಲ್ಲ. ಅದನ್ನು ಅರದಿಂದ ತಿಕ್ಕಿ ಸರಿಮಾಡಲು ಶೆಡ್ಡಿನ ಹಿಂಬದಿಗೆ ಹೋದೆ. ಡಾಕ್ಟ್ರಮ್ಮ ಕಿವಿ ಮಿಷನ್ ಬ್ಯಾಗಿಗೆ ಹಾಕಿ ಗಾಡಿಯಲ್ಲೇ ಕೂತಿದ್ದರು. ನನ್ನ ಶೆಡ್ಡಿನ ಕುರ್ಚಿಗಳ ಮೇಲೆ ಸೀರೆಯುಟ್ಟವರು ಯಾರೂ ಕೂರುವಂತಿರಲಿಲ್ಲ.

ನಮ್ಮವ್ವನದು ಒಂದು ಪದ್ಧತಿ. ಯಾವ ಗಾಡಿಗೇ ಆಗಲಿ, ಹೊಸ ಸಾಮಾನು ಕೂಡಿಸುವ ಮುಂಚೆ ಅರಿಶಿನ ಕುಂಕುಮ ಇಟ್ಟು, ಅಕ್ಷತೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡಲೇಬೇಕು. ಅವತ್ತು ನಾನು ಹೇಳದೆ ಶುರುಮಾಡಿದ್ದು ಅವಳಿಗೆ ಸಿಟ್ಟು. ತಟ್ಟೆ ಹಿಡಿದು ತಾನೇ ಬಂದಿದ್ದಾಳೆ. ಬಂದವಳು ಬಾನೆಟ್ಟಿನೊಳಗೆ ಬಗ್ಗಿ ನೋಡಿದರೆ, ಬಾಯಿಗೆ ಬಟ್ಟೆ! ಬಾಯಿಗೆ ಬಟ್ಟೆ ತುರುಕಿದವರಿಗೆ ಯಾರಾದರೂ ಪೂಜೆ ಮಾಡುತ್ತಾರೆಯೇ? ಎಳೆದು ಪಕ್ಕಕ್ಕೆ ಹಾಕಿದ್ದಾಳೆ. ಅಂಚಿಗೆ ಕುಂಕುಮ ಹಚ್ಚಿದ್ದಾಳೆ. ಮುಷ್ಟಿ ತುಂಬ ಅಕ್ಷತೆ ತೆಗೆದು, ದೇವರನ್ನು ನೆನೆದು, ನೇರ ಅದರ ಬಾಯಿಗೇ ಹಾಕಿದ್ದಾಳೆ. ಆಮೇಲೆ ನಿಂಬೆಹಣ್ಣು ಇಟ್ಟು, ಪಕ್ಕಕ್ಕೆ ಸರಿದು, ಇನ್ನು ಗಾಡಿ ಮುಂದೆ ತಗೊಳ್ಳಿ ಎಂದು ಡಾಕ್ಟ್ರಮ್ಮನಿಗೆ ಕೈಸನ್ನೆ ಮಾಡಿದ್ದಾಳೆ.

ಎತ್ತಿದ ಬಾನೆಟ್ಟಿನ ಹಿಂದೆ ಕೂತವರಿಗೆ ಏನು ಕಾಣಬೇಕು? ನಾನು ಕೂಡಿಸಿ ಮುಗಿಸಿದೆ ಎಂದೇ ಅವರು ತಿಳಿದರು.

ಕೊಳವೆಯನ್ನು ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದ ನನಗೆ ಮೊದಲು ಕಂಡದ್ದು ನೆಲದ ಮೇಲಿನ ಬಟ್ಟೆ. ಆಮೇಲೆ ಗಾಡಿಯ ದೀಪಗಳು ಹತ್ತಿದ್ದು. ಬ್ರೇಕ್ ತುಳಿಯದೆ ಚಾಲೂ ಮಾಡುವ ಗುಂಡಿ ಒತ್ತಿದ್ದರಿಂದ ಎಂಜಿನ್ ಇನ್ನೂ ತಿರುಗಿರಲಿಲ್ಲ. “ಬ್ಯಾಡ! ಬ್ಯಾಡ್ರೀ ಅಮ್ಮಾರೆ!” ಎಂದು ಶೆಡ್ಡು ಹಾರಿಹೋಗುವ ಹಾಗೆ ಕಿರುಚಿದೆ. ರಸ್ತೆಯಾಚೆ ಎಳನೀರು ಮಾರುವವನು ಎದ್ದು ನಿಂತ. ಡಾಕ್ಟ್ರಮ್ಮ ತಲೆ ಎತ್ತಲಿಲ್ಲ. ತಪ್ಪು ತಿಳಿದವರಂತೆ ಒಮ್ಮೆ ಕೆಳಗೆ ನೋಡಿ, ಕಾಲನ್ನು ಬ್ರೇಕಿನ ಮೇಲಿಟ್ಟು, ಮತ್ತೆ ಗುಂಡಿಯ ಕಡೆ ಬೆರಳು ಚಾಚಿದರು.

ಕೊಳವೆ ಎಲ್ಲಿ ಬಿಸಾಡಿದೆನೋ, ಹೇಗೆ ಓಡಿದೆನೋ ಗೊತ್ತಿಲ್ಲ. ಕಿಟಕಿಯಲ್ಲಿ ಕೈ ತೂರಿಸಿ ಅವರ ಮುಂಗೈ ಹಿಡಿದುಬಿಟ್ಟೆ. ಅವರು ಬೆಚ್ಚಿಬಿದ್ದರು. ನಾನು ಒದರುತ್ತಲೇ ಇದ್ದೆ.

“ಮೆಲ್ಲಗೆ ಹೇಳು,” ಎಂದರು ಅವರು. “ನೀನು ಕಿರುಚಿದ್ರೆ ತುಟಿ ಓದಕಾಗಲ್ಲ.”

ಮೆಲ್ಲಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

ಬ್ಯಾಟರಿಯ ತಂತಿ ಕಳಚಿ, ಟಾರ್ಚು ಹಿಡಿದು ನೋಡಿದೆ. ತಗಡಿನ ಬಾಗಿಲ ಮೇಲೆ ಹಳದಿ ಅಕ್ಕಿ ಹರಡಿತ್ತು. ಅವನ್ನು ತೆಗೆಯುವುದು ಕಷ್ಟವಲ್ಲ. ಆದರೆ ದೀಪ ಹತ್ತಿದಾಗ ಆ ಬಾಗಿಲು ತಾನಾಗಿ ಒಮ್ಮೆ ತೆರೆದು ಮುಚ್ಚುತ್ತದೆ. ಆಗ ಒಳಗೆ ಜಾರಿದ್ದೆಷ್ಟು? ತಂತಿಯ ತುದಿಗೆ ಪುಟ್ಟ ಕ್ಯಾಮೆರಾ ಇರುವ ಸಾಮಾನು ನನ್ನ ಬಳಿ ಇತ್ತು. ಅದನ್ನು ಇಳಿಸಲು ಹೋದರೆ ತಂತಿ ಅಂಚಿಗೆ ತಾಗಿ ತಾಗಿ ಹೊರಗೇ ಬರುತ್ತಿತ್ತು. ಅವ್ವ ಮೂಲೆಯಲ್ಲಿ ಕೂತು ಒಳ್ಳೇದಾಗ್ಲಿ ಅಂತ ಹಾಕಿದ್ದೆನಲ್ಲೋ ಎಂದು ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿ, ಅವಳನ್ನು ಏನೆಂದು ಬಯ್ಯಬೇಕೋ ತೋಚದೆ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದೆ.

“ಅದನ್ನ ಇಲ್ಲಿ ಕೊಡು,” ಎಂದರು ಡಾಕ್ಟ್ರಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಗಂಟಲೊಳಗೆ ಇಣುಕೋದೇ ನನ್ನ ಕಸುಬಾಗಿತ್ತಲ್ಲ.”

ನಾನು ಆ ಬಾಗಿಲನ್ನು ಬೆರಳಿನಿಂದ ಒತ್ತಿ ಹಿಡಿದೆ, ಅವರು ಕ್ಯಾಮೆರಾ ಇಳಿಸಿದರು. ಫೋನಿನ ಪರದೆಯ ಮೇಲೆ ಒಳಗಿನ ತಿರುಗಣೆ ಕಂಡಿತು. ಅದರ ಭುಜದ ಮೇಲೆ ಒಂದು ಅಕ್ಕಿಕಾಳು ಆರಾಮವಾಗಿ ಕೂತಿತ್ತು. ಇನ್ನೊಂದು ಚೂರು ಜರುಗಿದರೆ ಸಂದಿಗೇ ಬೀಳುತ್ತಿತ್ತು. ಧೂಳು ಎಳೆಯುವ ಮಿಷನ್ನಿಗೆ ಸಣ್ಣ ನಳಿಗೆಯನ್ನು ಸುತ್ತಿಕೊಡು ಎಂದರು. ಆಪರೇಷನ್ ಕೋಣೆಯಲ್ಲಿ ಗಂಟಲಿನ ಕಫವನ್ನೂ ಹೀಗೇ ಎಳೆಯುತ್ತಿದ್ದರಂತೆ. ನಳಿಗೆ ಇಳಿಯಿತು. ನಾನು ಉಸಿರೇ ಬಿಡಲಿಲ್ಲ. ಅವರು ಮಾತ್ರ ಹಾಲು ಕಾಯಿಸುವವರ ಹಾಗೆ ನಿಧಾನವಾಗಿದ್ದರು. ಟಕ್ ಎಂದಿತು ನಳಿಗೆಯೊಳಗೆ.

ಅವರು ತಿರುಗಿ ನನ್ನ ಮುಖ ನೋಡಿದರು. “ಬಂತಾ?”

ಆ ಟಕ್ ಅವರಿಗೆ ಕೇಳಿರಲಿಲ್ಲ. ನಾನು ತಲೆಯಾಡಿಸಿದೆ.

ಮತ್ತೆ ಮತ್ತೆ ಹುಡುಕಿದೆವು. ಬೇರೆ ಕಾಳಿರಲಿಲ್ಲ. ಅವ್ವ ತಪ್ಪಾತು ಎಂದು ಕಾಲು ಮುಟ್ಟಲು ಬಂದರೆ ಡಾಕ್ಟ್ರಮ್ಮ ತಡೆದು, ಉಳಿದ ಅಕ್ಷತೆಯನ್ನು ನನ್ನ ತಲೆ ಮ್ಯಾಲೆ ಹಾಕ್ರಿ ಎಂದು ಬಗ್ಗಿ ನಿಂತರು. ಅವ್ವ ಅಳುತ್ತಳುತ್ತಲೇ ಹಾಕಿದಳು.

ಕೊಳವೆ ಕೂಡಿಸಿದೆ, ಫಿಲ್ಟರು ಬಿಗಿದೆ. ಗಾಡಿ ಚಾಲೂ ಆಯಿತು. ಉಸಿರೆಳೆದುಕೊಳ್ಳುವ ಸದ್ದೇ ಬೇರೆಯಾಗಿತ್ತು. ಡಾಕ್ಟ್ರಮ್ಮ ತಲೆ ವಾಲಿಸಿ ಕೇಳಿದರು. ಇಲ್ಲ ಎಂದು ಕೈ ಆಡಿಸಿದರು.

“ರಸ್ತೆ ಮ್ಯಾಲೆ ನೋಡಾಣ ಬರ್ರಿ,” ಎಂದೆ. ಅವರೇ ಓಡಿಸಿದರು, ಹಿಂದುಮುಂದಿನ ಹಾರ್ನ್ ಕೇಳಿಸಿಕೊಂಡು ಹೇಳಲು ನಾನು ಪಕ್ಕಕ್ಕೆ ಕೂತೆ. ಖಾಲಿ ರಸ್ತೆ ಸಿಕ್ಕಾಗ ಅವರು ಕಾಲೊತ್ತಿದರು. ಅಯ್ಯಪ್ಪ, ಆ ಸೀಟಿ! ನನ್ನ ಮೈಮೇಲಿನ ಕೂದಲು ನಿಮಿರಿ ನಿಂತವು. ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವನು ತಿರುಗಿ ನೋಡಿದ. ಡಾಕ್ಟ್ರಮ್ಮನ ಮುಖದಲ್ಲಿ ಏನೂ ಇಲ್ಲ. ಮತ್ತೊಮ್ಮೆ ಒತ್ತಿದರು. ಇಲ್ಲ. ಮೂರನೆಯ ಸಲ ಅವರು ನನ್ನನ್ನು ನೋಡಲಿಲ್ಲ, ನೆಟ್ಟಗೆ ರಸ್ತೆಯನ್ನೇ ನೋಡುತ್ತಿದ್ದರು. ಕಣ್ಣು ತುಂಬಿದ್ದವು. ಸಾಕು, ತಿರುಗಿಸಾಣ ಎಂದರು.

ತೆರೆದ ಬಯಲಿನಲ್ಲಿ ಸದ್ದು ಹರಡಿಹೋಗುತ್ತದೆ ಎಂದು ನನಗೆ ಆಗ ಹೊಳೆಯಿತು. ಹರಿಹರದ ಸ್ಟೇಷನ್ನಿಗಿಂತ ಮುಂಚೆ, ರೈಲು ಹಳಿಯ ಕೆಳಗೆ ಒಂದು ಅಂಡರ್‌ಪಾಸ್ ಇದೆ. ಎರಡೂ ಕಡೆ ಕಾಂಕ್ರೀಟ್ ಗೋಡೆ, ಮೇಲೆ ಮಾಡು. ಅಲ್ಲಿಗೆ ನಡೀರಿ ಎಂದು ಕೈಮಾಡಿದೆ. ಬೇಡ ಎಂದರು. ನಾನು ನನ್ನ ಕೆಟ್ಟ ಬಾಯಿ ಬಿಟ್ಟೆ. ಇಷ್ಟೆಲ್ಲ ಒದ್ದಾಡಿಸಿ ಈಗ ಬ್ಯಾಡ ಅಂದ್ರೆ ಹೆಂಗೆ ಎಂದು ಗದರಿದೆ. ಅವರಿಗೆ ತುಟಿ ತಿಳಿಯಿತೋ, ಸಿಟ್ಟು ತಿಳಿಯಿತೋ... ಗಾಡಿ ಹರಿಹರದ ಕಡೆ ಹೊರಟಿತು.

ಎದುರಿಗೆ ಯಾರೂ ಇರಲಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಇಳಿಸಿ, ಗೋಡೆಗಳ ನಡುವೆ ಬಂದದ್ದೇ ಕಾಲೊತ್ತಿದರು. ಸದ್ದು ಗೋಡೆಗೆ ಬಡಿದು, ಮಾಡಿಗೆ ಬಡಿದು, ವಾಪಸ್ಸು ಬಂದು ನಮ್ಮ ಮೇಲೇ ಬಿತ್ತು.

“ಬಂತು! ಬಂತು ಕಣೋ!” ಎಂದು ಸಣ್ಣ ಹುಡುಗಿಯ ಹಾಗೆ ಕೂಗಿದರು. ತಿರುಗಿಸಿ ಮತ್ತೆ ಹೋದರು, ಮತ್ತೆ ಬಂದರು. ನಗುತ್ತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಸೈಕಲ್ಲಿನವನೊಬ್ಬ ನಿಂತು, ಏನ್ರೀ ಇದು, ತಲೆಗಿಲೆ ಕೆಟ್ಟೈತೇನು ಎಂದು ಬೈದಾಗ ನಾನೇ ಕೈಮುಗಿದೆ.

ಆ ಮಳೆಗಾಲವಿಡೀ ಅವರು ವಾರಕ್ಕೊಮ್ಮೆ ಬರುತ್ತಿದ್ದರು, ನಾನು ಪಕ್ಕಕ್ಕೆ ಕೂರುತ್ತಿದ್ದೆ. ಚಳಿಗಾಲ ಬರುವಷ್ಟರಲ್ಲಿ ಅಂಡರ್‌ಪಾಸಿನ ಸದ್ದೂ ಅವರಿಗೆ ಕ್ಷೀಣವಾಯಿತು. ಒಂದು ದಿನ ಕೀಲಿಯನ್ನು ನನ್ನ ಕೈಗಿತ್ತರು. ಹಾರ್ನ್ ಕೇಳದವಳು ಓಡಿಸಬಾರದು, ಯಾರಿಗಾದರೂ ಕೊಡಿಸು, ಅದಕ್ಕೂ ಮುಂಚೆ ಒಂದು ಸಲ ನೀನು ಓಡಿಸು ಎಂದರು.

ಓಡಿಸಿದೆ. ಗೋಡೆಗಳ ನಡುವೆ ಸೀಟಿ ಮೊದಲಿನಂತೆಯೇ ಮೊರೆಯಿತು. ಆಚೆ ದಾಟಿ, ಬದಿಗೆ ನಿಲ್ಲಿಸಿದೆ. ತಮ್ಮ ದನಿ ತಮಗೇ ಕೇಳದವರ ಹಾಗೆ ಅವರು ಗಟ್ಟಿಯಾಗಿ ಕೇಳಿದರು, “ಹೆಂಗಿತ್ತು?”

ಬಯ್ಯುವುದು ಬಿಟ್ಟರೆ ನನಗೆ ಮಾತೆಲ್ಲಿ ಬರುತ್ತದೆ? ಚೆನ್ನಾಗಿತ್ತು ಎಂದರೆ ಅದು ಹೇಳಿದಂತಾಗುತ್ತದೆಯೇ? ಬಾಯಲ್ಲೇ ಆ ಸದ್ದು ಮಾಡಲು ಶುರುಮಾಡಿದೆ. ಅವರು ಕೈ ಚಾಚಿ ಎರಡು ಬೆರಳನ್ನು ನನ್ನ ಗಂಟಲ ಮೇಲಿಟ್ಟರು, ರೋಗಿಗೆ ಮತ್ತು ಬರಿಸುವ ಮುಂಚೆ ಮುಟ್ಟಿ ನೋಡುವ ಹಾಗೆ. ಕೆಳಗಿನಿಂದ ಏರಿಸುತ್ತ ಏರಿಸುತ್ತ ಉಸಿರು ಮುಗಿಯುವವರೆಗೆ ಸೂಂ ಎಂದೆ. ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಇನ್ನೊಂದ್ಸಲ ಎಂದರು. ಮತ್ತೆ ಮಾಡಿದೆ...

ಗಾಡಿ ಹುಬ್ಬಳ್ಳಿಯವರೊಬ್ಬರಿಗೆ ಹೋಯಿತು. ಹೋದ ವರ್ಷ ಡಾಕ್ಟ್ರಮ್ಮ ತೀರಿಕೊಂಡರು. ಸುದ್ದಿ ನನಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಿರಾಕಿಗಳು ಈಗಲೂ ಬರುತ್ತಾರೆ, ಮೈಲೇಜು ಕೇಳುತ್ತಾರೆ, ನಾನು ಸಿಡುಕುತ್ತೇನೆ. ಗಾಡಿಯ ಸದ್ದು ಹೇಗಿತ್ತು ಎಂದು ನನ್ನನ್ನು ಕೇಳಿದವರು ಅವರೊಬ್ಬರೇ.

ನಿನ್ನೆ ಹರಿಹರಕ್ಕೆ ಹೋಗುವಾಗ ಆ ಅಂಡರ್‌ಪಾಸಿನಲ್ಲಿ ಬೈಕು ನಿಲ್ಲಿಸಿದೆ. ಯಾರೂ ಇಲ್ಲವೆಂದು ನೋಡಿಕೊಂಡು, ಬಾಯಲ್ಲಿ ಸೂಂ ಎನ್ನಲು ಹೋದೆ. ಸದ್ದು ಹೊರಡಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಕಣ್ಣೊರೆಸಿಕೊಂಡು ದಾರಿ ಬಿಟ್ಟೆ.