ಅಳಿಸಲು ಬಾರದ ಚಿಪ್

ಗಂಡನ ಮನೆಯಿಂದ ಬರಿಗೈಯಲ್ಲಿ ವಾಪಸು ಬಂದ ದಾಕ್ಷಾಯಿಣಿಗೆ ನರಸಿಂಹರಾಜಪುರದ ತನ್ನ ಮೋಟಾರ್ ರಿಪೇರಿ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟವನು ಅಕ್ಕನ ಗಂಡ ಷಡಕ್ಷರಿ. ಅದನ್ನು ಅವನು ಮರೆಯಲಿಲ್ಲ, ಅವಳಿಗೂ ಮರೆಯಲು ಬಿಡಲಿಲ್ಲ.

ಡಿಪ್ಲೊಮಾ ಓದಿದ್ದ ಅವಳು ಅಲ್ಲಿ ಕೂತು ಪಂಪ್‌ಸೆಟ್ಟಿಗೆ ಬೋರ್ಡ್ ಮಾಡತೊಡಗಿದಳು. ಕರೆಂಟ್ ಬಂದರೆ ಮೋಟಾರ್ ತಾನೇ ಚಾಲೂ ಆಗಬೇಕು, ಬಾವಿಯಲ್ಲಿ ನೀರು ಮುಗಿದರೆ ತಾನೇ ನಿಲ್ಲಬೇಕು. ಅದಕ್ಕೆ ಬೇಕಾದ ಪ್ರೋಗ್ರಾಂ ಅವಳೇ ಬರೆದು, ಉಗುರಿನಷ್ಟಿರುವ ಚಿಪ್‌ಗಳಿಗೆ ಲ್ಯಾಪ್‌ಟಾಪಿನಿಂದ ಒಂದೊಂದಾಗಿ ತುಂಬುತ್ತಿದ್ದಳು. ನೆಮ್ಮಾರಿನ ಕಡೆ ವೋಲ್ಟೇಜ್ ಕಮ್ಮಿ ಎಂದರೆ ಅಲ್ಲಿಯದಕ್ಕೆ ಬೇರೆಯಾಗಿ ತಿದ್ದುವಳು. ಏನಾದರೂ ತಪ್ಪಿದರೆ ಅಳಿಸಿ ಮತ್ತೆ ತುಂಬಿದರಾಯಿತು.

ಶೃಂಗೇರಿ, ಕೊಪ್ಪದಿಂದಲೂ ಜನ ಕೇಳಿಕೊಂಡು ಬಂದಾಗ ಷಡಕ್ಷರಿಗೆ ಈ ನಿಧಾನ ಹಿಡಿಸಲಿಲ್ಲ. ಪ್ರೋಗ್ರಾಂ ಕಳಿಸಿಕೊಟ್ಟರೆ ಫ್ಯಾಕ್ಟರಿಯವರೇ ಸಾವಿರಗಟ್ಟಲೆ ಚಿಪ್‌ಗೆ ತುಂಬಿ ಕೊಡುತ್ತಾರಂತೆ ಎಂದ.

"ಅವರ ಚಿಪ್ ನಮ್ಮದರ ಹಾಗಲ್ಲ, ಒಂದು ಸಲ ತುಂಬಿದರೆ ಮತ್ತೆ ಅಳಿಸಲಿಕ್ಕೆ ಬರಲ್ಲ ಭಾವ. ನೀರು ಮುಗಿದಾಗ ನಿಲ್ಲಿಸೋ ಭಾಗ ಇನ್ನೂ ತಿದ್ದುತಾ ಇದೀನಿ. ಸ್ವಲ್ಪ ತಡೀರಿ" ಎಂದಳು ದಾಕ್ಷಾಯಿಣಿ.

ಅವನು ತಡೆಯಲಿಲ್ಲ. ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಅವಳು ಶಿವಮೊಗ್ಗಕ್ಕೆ ಹೋಗಿದ್ದಾಗ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಪ್ರೋಗ್ರಾಮನ್ನೇ ಕಳಿಸಿಬಿಟ್ಟ. ಚಿಪ್ ಬಂದಮೇಲೆ ಅವಳು ಒಂದನ್ನು ಬೋರ್ಡಿಗೆ ಹಾಕಿ, ಬಕೆಟ್ಟಿನಲ್ಲಿ ನೀರಿಟ್ಟು ನೋಡಿದಳು. ನೀರು ಖಾಲಿಯಾದರೂ ಮೋಟಾರ್ ತಿರುಗುತ್ತಲೇ ಇತ್ತು. ಭಾವನನ್ನು ಕರೆದು ತೋರಿಸಿದಳು.

"ಈ ಮಳೆಗಾಲದಲ್ಲಿ ಯಾರ ಬಾವಿ ಬತ್ತುತ್ತೆ? ಜನಕ್ಕೆ ಮಾತು ಕೊಟ್ಟಾಗಿದೆ, ಸುಮ್ಮನೆ ಹಾಕು" ಎಂದು ಅವನು ಹೊರಗೆ ಹೋದ.

ಬೇರೆಲ್ಲಿಗೆ ಹೋದಾಳು? ಗೊತ್ತಿದ್ದೂ ಅವಳೇ ಕೂತು ಅಷ್ಟೂ ಚಿಪ್‌ಗಳನ್ನು ಬೋರ್ಡುಗಳಿಗೆ ಬೆಸುಗೆ ಹಾಕಿದಳು.

ಬೇಸಿಗೆಯಲ್ಲಿ ಬಾವಿಗಳು ಇಳಿದವು. ನೀರಿಲ್ಲದೆ ಓಡಿದ ಮೋಟಾರುಗಳು ಒಂದರ ಹಿಂದೆ ಒಂದು ಸುಟ್ಟವು. ಭಂಡಿಗಡಿಯ ವಾಸಪ್ಪ ಸುಟ್ಟ ಮೋಟಾರನ್ನು ಜೀಪಿನಲ್ಲಿ ತಂದು ಅಂಗಡಿಯ ಬಾಗಿಲಲ್ಲೇ ಇಳಿಸಿದ. ಸುತ್ತ ಜನ ಸೇರಿದರು.

"ನನ್ನನ್ನೆಂತ ಕೇಳ್ತೀಯ ಮಾರಾಯ? ಪ್ರೋಗ್ರಾಂ ಬರೆದವಳು ಒಳಗಿದಾಳೆ, ಅವಳನ್ನ ಕೇಳು" ಎಂದ ಷಡಕ್ಷರಿ.

ದಾಕ್ಷಾಯಿಣಿ ಹೊರಗೆ ಬಂದಳು. ಬರೆದದ್ದು ತಾನೇ ಎಂಬುದು ಸುಳ್ಳಾಗಿರಲಿಲ್ಲ. ಅಕ್ಕ ಕಲ್ಲಮ್ಮನ ಕಡೆ ನೋಡಿದಳು. ನಡೆದದ್ದೆಲ್ಲ ತಿಳಿದಿದ್ದ ಅಕ್ಕ ತಲೆ ತಗ್ಗಿಸಿ ಒಳಗೆ ಹೋದಳು.

ಮಾರನೆಯ ದಿನದಿಂದ ದಾಕ್ಷಾಯಿಣಿ, ತಿದ್ದಿದ ಪ್ರೋಗ್ರಾಂ ತಾನೇ ತುಂಬಿದ ಚಿಪ್‌ಗಳ ಬೋರ್ಡುಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹಿಡಿದು ಊರೂರು ಸುತ್ತಿದಳು, ಬೋರ್ಡ್ ಬದಲಿಸಿಕೊಡುತ್ತೇನೆ ಎಂದು. ಕೆಲವರು ಕಾಫಿ ಕೊಟ್ಟು, ಬೋರ್ಡ್ ಮಾತ್ರ ಬೇಡ ಎಂದರು. ನೆಮ್ಮಾರಿನಲ್ಲಿ ಒಬ್ಬರು ಗೇಟನ್ನೇ ತೆಗೆಯಲಿಲ್ಲ.

ಈಗ ಷಡಕ್ಷರಿ ಯಾವುದೋ ಕಂಪನಿಯ ಬೋರ್ಡ್ ತರಿಸಿ ಮಾರುತ್ತಾನೆ. "ಇದು ಫ್ಯಾಕ್ಟರಿಯದ್ದು, ಮನೇಲಿ ಮಾಡಿದ್ದಲ್ಲ" ಎಂದು ಗಿರಾಕಿಗಳಿಗೆ ಒತ್ತಿ ಹೇಳುತ್ತಾನೆ. ಒಳಗಿನ ಕೋಣೆಯಲ್ಲಿ ದಾಕ್ಷಾಯಿಣಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಾಳೆ. ಆ ಮಾತು ಅವಳಿಗೆ ದಿನವೂ ಕೇಳಿಸುತ್ತದೆ.